ತುಮಕೂರಿನಿಂದ ಜರ್ಮನಿಯ ಪಿಆರ್‌ವರೆಗೆ: ಬೀರುವಿನಲ್ಲಿರುವ ಕಾಗದದಿಂದಲೇ ಶುರು ಮಾಡಿ

ಜರ್ಮನಿಗೆ ಹೋಗಿ ಅಲ್ಲೇ ನೆಲೆ ನಿಲ್ಲಬೇಕು ಅನ್ನುವವರು ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಜಾಸ್ತಿ ಆಗಿದ್ದಾರೆ. ನರ್ಸಿಂಗ್ ಮುಗಿಸಿದವರಿದ್ದಾರೆ, ಎಂಜಿನಿಯರಿಂಗ್ ಮಾಡಿ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿದ್ದಾರೆ, ಐಟಿಐ ಮಾಡಿ ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ಎಲ್ಲರೂ ಮೊದಲು ಕೇಳುವುದು ವೀಸಾ ಹೇಗೆ ಸಿಗುತ್ತೆ ಅಂತ. ವೀಸಾ ನಡುವೆ ಬರುವ ಕೆಲಸ. ಅದಕ್ಕಿಂತ ಮುಂಚೆ ಮಾಡಬೇಕಾದ್ದು ಎರಡಿವೆ, ಅವನ್ನು ಬಿಟ್ಟವರೇ ಆಮೇಲೆ ವರ್ಷಗಟ್ಟಲೆ ಒದ್ದಾಡುತ್ತಾರೆ. ಒಂದು, ನಿಮ್ಮ ಕಾಗದಪತ್ರ ಒಂದಕ್ಕೊಂದು ಹೊಂದಬೇಕು. ಇನ್ನೊಂದು, ಜರ್ಮನ್ ಭಾಷೆ ಬರಬೇಕು. ಎರಡೂ ಆಗುವುದು ಇಲ್ಲೇ, ನಮ್ಮ ಜಿಲ್ಲೆಯಲ್ಲೇ.

ಪಿಆರ್ ಅಂದರೆ ಅಲ್ಲಿ ಏನು

ನಾವು ಪಿಆರ್, ಅಂದರೆ ಶಾಶ್ವತವಾಗಿ ನೆಲೆಸುವ ಪರವಾನಗಿ, ಅನ್ನುವುದಕ್ಕೆ ಅಲ್ಲಿ ನೀಡರ್‌ಲಾಸುಂಗ್ಸ್‌ಎರ್‌ಲೌಪ್‌ನಿಸ್ ಅಂತ ಹೆಸರು. ಅದು ಕೈಗೆ ಬಂದರೆ ಅವಧಿ ಮುಗಿಯುವ ಭಯ ಇಲ್ಲ. ಕೆಲಸ ಬದಲಾಯಿಸಲು ಯಾರ ಒಪ್ಪಿಗೆಯೂ ಬೇಡ. ಸ್ವಂತ ವ್ಯಾಪಾರ ಬೇಕಾದರೂ ಮಾಡಬಹುದು. ಆದರೆ ಕೆನಡಾದ ಹಾಗೆ ಊರಿನಲ್ಲೇ ಕೂತು ಪಿಆರ್ ಪಡೆದು ವಿಮಾನ ಹತ್ತುವ ದಾರಿ ನಮ್ಮಂಥ ಸಾಮಾನ್ಯ ಕೆಲಸದವರಿಗೆ ಜರ್ಮನಿಯಲ್ಲಿಲ್ಲ. ಅಲ್ಲಿ ಹೋಗಿ ದುಡಿದು, ಪಿಂಚಣಿ ನಿಧಿಗೆ ತಿಂಗಳು ತಿಂಗಳು ಹಣ ಕಟ್ಟಿ, ಆಮೇಲೆ ಅರ್ಜಿ ಹಾಕಬೇಕು.

ಎಷ್ಟು ಕಾಲ ಅನ್ನುವುದು ನೀವು ಹೋದ ದಾರಿಯ ಮೇಲಿದೆ. ಬ್ಲೂ ಕಾರ್ಡ್ (ಒಳ್ಳೆ ಸಂಬಳದ ಕೆಲಸ ಸಿಕ್ಕ ಡಿಗ್ರಿಯವರ ಪರವಾನಗಿ) ಇದ್ದರೆ 27 ತಿಂಗಳು, ಜೊತೆಗೆ ಎ1, ಅಂದರೆ ಶುರುವಿನ ಮಟ್ಟದ ಜರ್ಮನ್. ಬಿ1, ಅಂದರೆ ಮಧ್ಯಮ ಮಟ್ಟ, ಇದ್ದರೆ 21 ತಿಂಗಳೇ ಸಾಕು. ಬ್ಲೂ ಕಾರ್ಡ್ ಇಲ್ಲದ ಕುಶಲ ಕೆಲಸಗಾರರಿಗೆ (ಓದಿಗೆ ಅಲ್ಲಿ ಮಾನ್ಯತೆ ಸಿಕ್ಕವರಿಗೆ) 3 ವರ್ಷ, 36 ತಿಂಗಳ ಪಿಂಚಣಿ ಕಂತು ಮತ್ತು ಬಿ1. ಜರ್ಮನಿಯಲ್ಲೇ ಓದಿ ಕೆಲಸಕ್ಕೆ ಸೇರಿದವರಿಗೆ 2 ವರ್ಷ, 24 ಕಂತು. ಕುಶಲ ಕೆಲಸಗಾರರ ಲೆಕ್ಕಕ್ಕೆ ಬರದವರಿಗೆ ಸಾಮಾನ್ಯ ನಿಯಮ 5 ವರ್ಷದ್ದು. ಬಿ1 ಕಲಿತರೆ ಬ್ಲೂ ಕಾರ್ಡ್‌ನವರಿಗೆ ಅರ್ಧ ವರ್ಷ ಉಳಿಯುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ.

ಹಂತ 1: ಕಾಗದಪತ್ರ

ಬೀರುವಿನಲ್ಲಿರುವ ಎಲ್ಲ ಕಾಗದವನ್ನೂ ತೆಗೆದು ಚಾಪೆಯ ಮೇಲೆ ಹರಡಿ. ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ, ಡಿಗ್ರಿ ಅಥವಾ ಡಿಪ್ಲೊಮಾ, ಆಧಾರ್, ಪಾಸ್‌ಪೋರ್ಟ್. ಈಗ ಹೆಸರನ್ನು ಒಂದೊಂದೇ ಅಕ್ಷರ ಓದಿ. ಎಸ್‌ಎಸ್‌ಎಲ್‌ಸಿಯಲ್ಲಿ ಸವಿತ ಟಿ.ಆರ್. ಅಂತ ಇರುತ್ತದೆ. ಟಿ ಅಂದರೆ ಊರು, ಆರ್ ಅಂದರೆ ಅಪ್ಪ. ಡಿಗ್ರಿಯಲ್ಲಿ ಇನಿಷಿಯಲ್ ಮುಂದಕ್ಕೆ ಬಂದು ಟಿ.ಆರ್. ಸವಿತ ಆಗಿರುತ್ತದೆ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಕಡೆ ಎಚ್ ಇದೆ, ಇನ್ನೊಂದು ಕಡೆ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿದೆ. ಆಧಾರ್‌ನಲ್ಲಿ ಮದುವೆಯಾದ ಮೇಲೆ ಗಂಡನ ಹೆಸರು. ನಮಗೆ ನೋಡಿದ ತಕ್ಷಣ ಇವೆಲ್ಲ ಒಬ್ಬಳೇ ಹುಡುಗಿ ಅಂತ ಗೊತ್ತಾಗುತ್ತದೆ, ಅಲ್ವಾ? ಜರ್ಮನಿಯ ಕಚೇರಿಯಲ್ಲಿ ಕೂತ ಗುಮಾಸ್ತರಿಗೆ ನಾಲ್ಕು ಜನ ಕಾಣುತ್ತಾರೆ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನೇ ಬುಡ ಅಂತ ಇಟ್ಟುಕೊಳ್ಳಿ. ಮುಂದಿನ ಓದಿನ ಕಾಗದವೆಲ್ಲ ಅದನ್ನೇ ನೋಡಿ ಬಂದಿರುತ್ತದೆ. ಅದರ ಇನಿಷಿಯಲ್‌ಗೆ ಹೊಂದುವ ಹಾಗೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬಿಡಿಸಿ ಬರೆಸಿ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ, ಅಲ್ಲಿಯ ಬ್ಯಾಂಕು, ವಿಮೆ, ಬಾಡಿಗೆ ಕರಾರು ಎಲ್ಲದರಲ್ಲೂ ಆ ಕಾಲಂ ತುಂಬಲೇಬೇಕು. ಮಾರ್ಕ್ಸ್ ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಇವತ್ತೇ ಹಾಕಿ. ತುಮಕೂರಿನಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000.

ಜನನ ಪ್ರಮಾಣಪತ್ರದ ಕಥೆ ಇನ್ನೂ ದೊಡ್ಡದು. ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದ ಎಷ್ಟೋ ಜನರ ಜನನ ನೋಂದಣಿಯೇ ಆಗಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಒಂದು ಜೂನ್ ತಾರೀಕು ಬರೆದುಕೊಂಡಿರುತ್ತಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇದ್ದರೆ ಸಾಕಲ್ಲ ಅಂತ ಬಿಟ್ಟುಬಿಡಬೇಡಿ. ಅಲ್ಲಿ ಮದುವೆ ನೋಂದಣಿಗೆ, ಮಗು ಹುಟ್ಟಿದಾಗ, ಮುಂದೆ ಪೌರತ್ವಕ್ಕೆ ಜನನ ಪ್ರಮಾಣಪತ್ರ ಕೇಳುತ್ತಾರೆ. ಹುಟ್ಟಿ ಒಂದು ವರ್ಷ ದಾಟಿದ ಮೇಲಿನ ನೋಂದಣಿಗೆ ಮೇಲಧಿಕಾರಿಯ ಆದೇಶ ಬೇಕು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಜನನ ದಾಖಲಾಗಿಲ್ಲ ಅನ್ನುವ ಪತ್ರ ಮೊದಲು ತೆಗೆದುಕೊಂಡು ಮುಂದುವರಿಯಿರಿ. ಅಪ್ಪ ಅಮ್ಮ, ಹೆರಿಗೆಗೆ ಬಂದಿದ್ದ ಅಜ್ಜಿ, ಗೊತ್ತಿರುವ ಹಿರಿಯರು ಊರಿನಲ್ಲಿ ಇರುವಾಗಲೇ, ನೀವೂ ಇಲ್ಲೇ ಇರುವಾಗಲೇ ಇದನ್ನು ಮುಗಿಸುವುದು ಸುಲಭ.

ಇನ್ನೊಂದು ವಿಷಯಕ್ಕೆ ದುಡ್ಡು ಸುಮ್ನೆ ಹೋಗುತ್ತದೆ: ಅಪೊಸ್ಟಿಲ್, ಅಂದರೆ ಹೊರದೇಶಕ್ಕೆ ಅಂತ ಕಾಗದದ ಮೇಲೆ ನಮ್ಮ ಸರ್ಕಾರ ಹಾಕುವ ದೃಢೀಕರಣ ಮುದ್ರೆ. ಎಲ್ಲ ದೇಶಕ್ಕೂ ಬೇಕು ಅಂತ ಹೇಳಿ ಮಾಡಿಸುವವರಿದ್ದಾರೆ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದರೂ ಜರ್ಮನಿ ಅದಕ್ಕೆ ಆಕ್ಷೇಪ ಹಾಕಿದೆ, ಹಾಗಾಗಿ ನಮ್ಮ ಅಪೊಸ್ಟಿಲ್‌ಗೆ ಅಲ್ಲಿ ಕಾನೂನಿನ ಬೆಲೆ ಇಲ್ಲ. ಅದರ ಬದಲು, ಅಲ್ಲಿಯ ಕಚೇರಿ ಕೇಳಿದಾಗ ಇಲ್ಲಿರುವ ಜರ್ಮನ್ ರಾಯಭಾರ ಕಚೇರಿ ವಕೀಲರ ಮೂಲಕ ಕಾಗದದ ಅಸಲಿತನ ಪರಿಶೀಲಿಸುತ್ತದೆ. ನೋಂದಣಿ ಪುಸ್ತಕ, ಶಾಲೆಯ ದಾಖಲೆ ಎಲ್ಲ ನೋಡುತ್ತಾರೆ. ತಿಂಗಳುಗಳು ಹಿಡಿಯುವ ಕೆಲಸ ಅದು. ಆ ಹೊತ್ತಿನಲ್ಲಿ ತಾರೀಕು ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ದರೆ ನೋಟರಿ ಅಫಿಡವಿಟ್ ಒಂದೇ ಕಾಪಾಡುವುದಿಲ್ಲ. ಯಾವ ಕಾಗದಕ್ಕೆ ಯಾವ ಮುದ್ರೆ ಬೇಕು ಅನ್ನುವುದನ್ನು ಜರ್ಮನ್ ಕಚೇರಿಯೇ ಬರೆದು ಹೇಳಲಿ, ಆಮೇಲೆ ಖರ್ಚು ಮಾಡಿ.

ಮದುವೆಯಾಗಿದ್ದರೆ ಲಗ್ನಪತ್ರಿಕೆ, ಛತ್ರದ ಫೋಟೊ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇಕು. ಈಗ ಕಾವೇರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ಹಂತ 2: ನಿಮ್ಮ ದಾರಿ ಯಾವುದು

ಡಿಗ್ರಿ ಇದ್ದವರು ಮೊದಲು ಅನಾಬಿನ್ ಅನ್ನುವ ಜರ್ಮನಿಯ ಸರ್ಕಾರಿ ಪಟ್ಟಿಯಲ್ಲಿ ತಮ್ಮ ವಿಶ್ವವಿದ್ಯಾಲಯ ಹುಡುಕಿ. ಎದುರಿಗೆ ಎಚ್ ಪ್ಲಸ್ ಗುರುತು ಇರಬೇಕು. ನಿಮ್ಮ ಡಿಗ್ರಿಯೂ ಪಟ್ಟಿಯಲ್ಲಿದ್ದರೆ ಆ ಪುಟವನ್ನೇ ಪ್ರಿಂಟ್ ತೆಗೆದು ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಝಡ್‌ಎಬಿ ಅನ್ನುವ ಜರ್ಮನ್ ಸರ್ಕಾರಿ ಕಚೇರಿಯಿಂದ, ನಿಮ್ಮ ಡಿಗ್ರಿ ಅಲ್ಲಿಯ ಯಾವ ಡಿಗ್ರಿಗೆ ಸಮ ಅಂತ ಹೇಳುವ ಹೋಲಿಕೆ ಪತ್ರ ತರಿಸಬೇಕು, 200 ಯೂರೋಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ನಮ್ಮಲ್ಲಿ ಒಂದು ಗೊಂದಲ ಇದೆ: ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಎಂಜಿನಿಯರಿಂಗ್‌ನವರಿಗೆ ವಿಟಿಯು. ಹುಡುಕುವಾಗ ಕಾಲೇಜಿನ ಹೆಸರಲ್ಲ, ಪ್ರಮಾಣಪತ್ರ ಕೊಟ್ಟ ವಿಶ್ವವಿದ್ಯಾಲಯದ ಹೆಸರು ನೋಡಿ.

ಡಿಗ್ರಿಗೆ ಮಾನ್ಯತೆ ಇದ್ದು, ಒಳ್ಳೆ ಸಂಬಳದ ಕೆಲಸ ಸಿಕ್ಕರೆ ಬ್ಲೂ ಕಾರ್ಡ್. 2026ಕ್ಕೆ ವರ್ಷದ ಸಂಬಳದ ಮಿತಿ 50,700 ಯೂರೋ. ಎಂಜಿನಿಯರ್, ಐಟಿ, ವೈದ್ಯರಂಥ ಕೊರತೆಯ ಕೆಲಸಗಳಿಗೂ, ಹೊಸದಾಗಿ ಓದು ಮುಗಿಸಿದವರಿಗೂ ಸುಮಾರು 45,934 ಯೂರೋ. ಇದು ಪ್ರತಿ ಜನವರಿಗೆ ಬದಲಾಗುತ್ತದೆ. ಐಟಿಯವರಿಗೆ ಡಿಗ್ರಿ ಇಲ್ಲದಿದ್ದರೂ ಕಳೆದ 7 ವರ್ಷದಲ್ಲಿ 3 ವರ್ಷದ ತಕ್ಕ ಅನುಭವ ಇದ್ದರೆ ಬ್ಲೂ ಕಾರ್ಡ್ ಸಿಗುತ್ತದೆ. ಬೆಂಗಳೂರಿನ ಕಂಪನಿಯೇ ಪ್ರಾಜೆಕ್ಟ್‌ಗೆ ಅಂತ ಜರ್ಮನಿಗೆ ಕಳಿಸುತ್ತೆ ಅನ್ನುವವರು ಒಂದು ವಿಷಯ ಗಮನಿಸಿ. ಭಾರತ ಮತ್ತು ಜರ್ಮನಿ ನಡುವೆ 2017ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಇದೆ. ಇಲ್ಲಿಯ ಪಿಎಫ್‌ನಲ್ಲೇ ಉಳಿದು ಅಲ್ಲಿ ದುಡಿದರೆ ಆ ತಿಂಗಳುಗಳು ಜರ್ಮನಿಯ ಪಿಂಚಣಿ ಖಾತೆಗೆ ಬರುವುದಿಲ್ಲ. ಪಿಆರ್ ಗುರಿ ಇದ್ದರೆ ಜರ್ಮನ್ ಕಂಪನಿಯ ಕರಾರೇ ಬೇಕು.

ನರ್ಸ್‌ಗಳ ದಾರಿ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮೂರು ಜಿಲ್ಲೆಗಳಿಂದ ಹೋಗುವವರಲ್ಲಿ ಸರಿಯಾದ ಮಾಹಿತಿ ಸಿಗದೆ ಜಾಸ್ತಿ ಕಷ್ಟಪಡುವವರು ಇವರೇ. ಜಿಎನ್‌ಎಂ ಆಗಲಿ ಬಿಎಸ್ಸಿ ಆಗಲಿ, ಅಲ್ಲಿ ನರ್ಸ್ ಅಂತ ದುಡಿಯಲು ಆ ರಾಜ್ಯದ ಕಚೇರಿಯ ಮಾನ್ಯತೆ ಬೇಕು. ನಿಮ್ಮ ಓದಿನ ಥಿಯರಿ ಮತ್ತು ವಾರ್ಡ್ ಡ್ಯೂಟಿಯ ಗಂಟೆಗಳ ಪಟ್ಟಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಆಸ್ಪತ್ರೆಯ ಅನುಭವ ಪತ್ರ, ಇವೆಲ್ಲ ಜರ್ಮನ್‌ಗೆ ಅನುವಾದವಾಗಿ ಹೋಗಬೇಕು. ಗಂಟೆಗಳ ಪಟ್ಟಿ ಕಾಲೇಜಿನಿಂದ ಬರಬೇಕಾದ್ದು. ಕಾಲೇಜು ಮುಚ್ಚುವ ಮೊದಲು, ಪ್ರಾಂಶುಪಾಲರು ಬದಲಾಗುವ ಮೊದಲು, ಸೀಲು ಸಹಿ ಹಾಕಿಸಿ ಎರಡು ಪ್ರತಿ ತೆಗೆದುಕೊಳ್ಳಿ. ಕಚೇರಿ ಎರಡೂ ದೇಶದ ಓದನ್ನು ಹೋಲಿಸಿ ಏನು ಕಡಿಮೆ ಇದೆ ಅಂತ ಪತ್ರ ಕೊಡುತ್ತದೆ. ಅದರ ಆಧಾರದ ಮೇಲೆ ನೀವು ಅಲ್ಲಿ ಹೋಗಿ ತರಬೇತಿ ಮುಗಿಸಬೇಕು ಅಥವಾ ಜ್ಞಾನ ಪರೀಕ್ಷೆ ಪಾಸಾಗಬೇಕು. ಆಮೇಲೆ ಪೂರ್ತಿ ನರ್ಸ್. ಇಲ್ಲಿ ಬಹಳ ಮಂದಿ ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಪಿಆರ್‌ನ 3 ವರ್ಷ ಶುರುವಾಗುವುದು ಮಾನ್ಯತೆ ಸಿಕ್ಕು ಕುಶಲ ಕೆಲಸಗಾರರ ಪರವಾನಗಿ ಕೈಗೆ ಬಂದ ದಿನದಿಂದ. ತರಬೇತಿಯ ಕಾಲದಲ್ಲಿ ಕಟ್ಟಿದ ಪಿಂಚಣಿ ಕಂತು ಕಂತಿನ ಲೆಕ್ಕಕ್ಕೆ ಬರುತ್ತದೆ, ಆದರೆ ಆ 3 ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕಿದಷ್ಟೂ ಪಿಆರ್ ದೂರ ಹೋಗುತ್ತದೆ.

ಐಟಿಐನವರ ಓದನ್ನು ತೂಗುವುದು ಬಹುತೇಕ ಕೈಗಾರಿಕಾ ಕೆಲಸಗಳಿಗೆ ನ್ಯೂರೆಂಬರ್ಗ್‌ನ ಐಎಚ್‌ಕೆ ಫೋಸಾ ಅನ್ನುವ ಕಚೇರಿ. ಓದು ಕನಿಷ್ಠ 2 ವರ್ಷದ್ದಾಗಿರಬೇಕು. ಓದಲು ಹೋಗುವವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಓದಿನ ಕಾಗದ ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ, ಅಲ್ಲಿಯ ಖರ್ಚಿಗೆ ಹಣ ಇದೆ ಅಂತ ತೋರಿಸುವ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಕೆಲಸ ಸಿಗದೆಯೇ ಹೋಗಿ ಹುಡುಕುವುದಕ್ಕೆ 2024ರ ಜೂನ್‌ನಿಂದ ಆಪರ್ಚುನಿಟಿ ಕಾರ್ಡ್ ಇದೆ. ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಬೇಕು, ಕನಿಷ್ಠ 6 ಅಂಕ ಬೇಕು. ವಯಸ್ಸು 35 ದಾಟದಿದ್ದರೆ 2 ಅಂಕ, ಬಿ1 ಜರ್ಮನ್‌ಗೆ 2, ಬಿ2ಗೆ 3, ಕಳೆದ 7 ವರ್ಷದಲ್ಲಿ 5 ವರ್ಷದ ಅನುಭವಕ್ಕೆ 3. ಒಂದು ವರ್ಷ ಇರಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಈ ವರ್ಷದ ಖರ್ಚಿಗೆ ಅಂತ ತೋಟ ಅಡ ಇಟ್ಟು ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜರ್ಮನ್ ಬಾರದೆ ಹೋದವರಿಗೆ ಒಂದು ವರ್ಷದೊಳಗೆ ಓದಿಗೆ ತಕ್ಕ ಕೆಲಸ ಸಿಗುವುದು ಕಷ್ಟ. ಈ ಕಾರ್ಡಿನ ಕಾಲ ಕುಶಲ ಕೆಲಸಗಾರರ 3 ವರ್ಷಕ್ಕೂ ಸೇರುವುದಿಲ್ಲ. ಊರಿನಿಂದಲೇ ಕೆಲಸದ ಕರಾರು ಪಡೆದು ಹೋದರೆ ಬ್ಲಾಕ್ಡ್ ಅಕೌಂಟ್ ಬೇಕಾಗಿಯೇ ಇಲ್ಲ, ಸಂಬಳವೇ ಸಾಕ್ಷಿ.

ಹಂತ 3: ಭಾಷೆ

ಎ1, ಎ2, ಬಿ1, ಬಿ2 ಅಂತ ಮಟ್ಟಗಳಿವೆ. ನರ್ಸ್‌ಗೆ ಬಿ2 ಬೇಕೇ ಬೇಕು. ಪಿಆರ್‌ಗೆ ಬಿ1, ಬ್ಲೂ ಕಾರ್ಡ್ ಇದ್ದವರಿಗೆ ಮಾತ್ರ ಎ1 ಕೂಡ ಸಾಕು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗಯ್ಟೆ ಸಂಸ್ಥೆ, ಕಲಿಸುತ್ತದೆ, ಪರೀಕ್ಷೆಯನ್ನೂ ನಡೆಸುತ್ತದೆ. ತುಮಕೂರಿನವರು ಬೆಳಗಿನ ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗದ ಮೆಟ್ರೋ ಹಿಡಿಯಬಹುದು, ಕೋಲಾರದವರು ಕೆ.ಆರ್. ಪುರದಲ್ಲಿ ಬಸ್ ಇಳಿದು ಅದೇ ಮೆಟ್ರೋ ಹತ್ತಬಹುದು. ದಿನಾ ಹೋಗಲಾಗದವರಿಗೆ ಆನ್‌ಲೈನ್ ಕ್ಲಾಸ್‌ಗಳಿವೆ.

ಬಿ1, ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 60 ಅಂಕ ಬೇಕು. ಒಂದರಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಕಟ್ಟಬಹುದು. ನಮ್ಮವರಿಗೆ ವ್ಯಾಕರಣ ಅಷ್ಟು ಕಷ್ಟ ಆಗುವುದಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವುದು, ವಿಭಕ್ತಿ ಬದಲಾಗುವುದು ಕನ್ನಡದವರಿಗೆ ಹೊಸದಲ್ಲ. ತೊಡಕಾಗುವುದು ಕೇಳುವ ಭಾಗದಲ್ಲಿ ಮತ್ತು ಬಾಯಿಬಿಟ್ಟು ಮಾತಾಡುವಲ್ಲಿ. ಪುಸ್ತಕ ಮುಗಿಸಿದೆ ಅಂತ ನಿಲ್ಲಬೇಡಿ, ದಿನಾ ಅರ್ಧ ಗಂಟೆ ಜರ್ಮನ್ ಸುದ್ದಿ ಕೇಳಿ, ಜೊತೆಗೆ ಕಲಿಯುವ ಒಬ್ಬರ ಹತ್ತಿರ ಫೋನಿನಲ್ಲಿ ಜರ್ಮನ್‌ನಲ್ಲೇ ಮಾತಾಡಿ. ವಾರ್ಡಿನಲ್ಲಿ ಅಜ್ಜಿಯೊಬ್ಬರು ಎಲ್ಲಿ ನೋವು ಅಂತ ಅವರ ಆಡುಮಾತಿನಲ್ಲಿ ಹೇಳಿದಾಗ ಅರ್ಥವಾಗಬೇಕು.

ಹಂತ 4: ಕೆಲಸ, ಏಜೆಂಟ್, ದುಡ್ಡು

ಜರ್ಮನ್ ಸರ್ಕಾರದ ಮೇಕ್ ಇಟ್ ಇನ್ ಜರ್ಮನಿ ಪೋರ್ಟಲ್‌ನಲ್ಲಿ ಹೊರದೇಶದವರಿಗೆ ತೆರೆದ ಕೆಲಸಗಳಿವೆ. ರೆಸ್ಯೂಮೆ ಎರಡು ಪುಟ ಸಾಕು. ಓದು ಮುಗಿದ ಮೇಲೆ ಮನೆಯಲ್ಲಿದ್ದ ತಿಂಗಳುಗಳಿಗೆ ನಿಜವಾದ ಕಾರಣ ಬರೆಯಿರಿ, ಅವರು ಅದನ್ನು ಕೇಳುತ್ತಾರೆ.

ಬಿ.ಎಚ್. ರಸ್ತೆಯಲ್ಲಿ ನಡೆದರೆ ಫಾರಿನ್ ಕೆಲಸದ ಬೋರ್ಡ್‌ಗಳು ಬೇಕಾದಷ್ಟು. ಯಾರ ಹತ್ತಿರ ಹೋದರೂ ಮೊದಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ಸಂಖ್ಯೆ ನೋಡಿ. 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಹೊರದೇಶದ ಕೆಲಸಕ್ಕೆ ಜನ ಕಳಿಸುವಂತಿಲ್ಲ. ನೋಂದಣಿ ಇದ್ದವರು ಕೂಡ ಕೆಲಸಗಾರರಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ನರ್ಸ್‌ಗಳಿಗಂತೂ ನ್ಯಾಯವಾದ ನೇಮಕಾತಿಗೆ ಜರ್ಮನಿಯಲ್ಲಿ ಸರ್ಕಾರದ ಗುಣಮುದ್ರೆಯೇ ಇದೆ. ಆ ಮುದ್ರೆ ಇರುವವರು ನರ್ಸ್‌ನಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ, ಖರ್ಚು ಆಸ್ಪತ್ರೆಯದು. ಕರಾರಿನಲ್ಲಿ ಮಧ್ಯೆ ಬಿಟ್ಟರೆ ಎಷ್ಟು ಹಣ ವಾಪಸ್ ಕೊಡಬೇಕು ಅನ್ನುವ ಸಾಲನ್ನು ಎರಡು ಸಲ ಓದಿ. ಸಂಬಳ ಸರಿಯಿದೆಯೇ ಅಂತ ನೋಡಲು ಒಂದು ಅಳತೆ ಇದೆ: ಮಾನ್ಯತೆ ಪಡೆದ ನರ್ಸ್‌ಗೆ 2025ರ ಜುಲೈನಿಂದ ಆರೈಕೆ ಕ್ಷೇತ್ರದ ಕನಿಷ್ಠ ಕೂಲಿ ಗಂಟೆಗೆ 20.50 ಯೂರೋ.

ಮೂಲ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಹಂತ 5: ವೀಸಾ

ಕರಾರು ಬಂದ ಮೇಲೆ ಇದು ಹೆಚ್ಚು ಕಷ್ಟ ಇಲ್ಲ. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಅರ್ಜಿ ಆನ್‌ಲೈನ್‌ನಲ್ಲಿ, ಶುಲ್ಕ 75 ಯೂರೋ. ಬೇಗ ಆಗಬೇಕಾದರೆ ನಿಮ್ಮ ಕಂಪನಿ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ 411 ಯೂರೋ ಕಟ್ಟಿ ತ್ವರಿತ ಪ್ರಕ್ರಿಯೆ ಶುರು ಮಾಡಬಹುದು, ಕೇಳಲು ಸಂಕೋಚ ಬೇಡ. ಜರ್ಮನಿ 2024ರಲ್ಲಿ ಭಾರತದ ಕುಶಲ ಕೆಲಸಗಾರರ ವೀಸಾ ಮಿತಿಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದೆ. 45 ದಾಟಿ ಮೊದಲ ಸಲ ಹೋಗುವವರಿಗೆ ಸಂಬಳದ ಅಥವಾ ವೃದ್ಧಾಪ್ಯದ ಭದ್ರತೆಯ ಇನ್ನೊಂದು ಷರತ್ತು ಇದೆ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಕೊನೆಯಲ್ಲಿ ಮಾಡಿಸಿ, ಹಳೆಯದನ್ನು ಒಪ್ಪುವುದಿಲ್ಲ.

ಹಂತ 6: ಇಳಿದ ದಿನದಿಂದ ಲೆಕ್ಕ ಇಡಿ

ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ನೋಂದಣಿಗೆ ಒಪ್ಪದ ಮಾಲೀಕರ ಮನೆ ಎಷ್ಟೇ ಅಗ್ಗ ಇದ್ದರೂ ಬೇಡ, ಅದಿಲ್ಲದೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ವೀಸಾ ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ಪರವಾನಗಿಗೆ ಅರ್ಜಿ ಹಾಕಿ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ತಡ. ಬಂದ ವಾರವೇ ಕೇಳಿ. ತಡವಾದರೆ ತಾತ್ಕಾಲಿಕ ಪತ್ರ ಕೊಡುತ್ತಾರೆ, ಅದನ್ನೂ ಫೈಲ್‌ಗೆ ಸೇರಿಸಿ.

ಪಿಂಚಣಿಗೆ ಸಂಬಳದ 18.6 ಶೇಕಡಾ ಹೋಗುತ್ತದೆ, ಅರ್ಧ ನಿಮ್ಮದು, ಅರ್ಧ ಮಾಲೀಕರದು. ಸ್ಯಾಲರಿ ಸ್ಲಿಪ್‌ನಲ್ಲಿ ಅಷ್ಟು ದುಡ್ಡು ಕಡಿತವಾದಾಗ ಹೊಟ್ಟೆ ಉರಿಯುತ್ತದೆ. ಆದರೆ ನಿಮ್ಮ ಪಿಆರ್ ಬೆಳೆಯುತ್ತಿರುವುದು ಆ ಸಾಲಿನಲ್ಲೇ. ಪಾರ್ಟ್ ಟೈಮ್ ಮಿನಿಜಾಬ್ ಮಾಡುವವರಿಗೆ ಪಿಂಚಣಿ ಕಂತು ಬೇಡ ಅನ್ನುವ ಆಯ್ಕೆ ಇರುತ್ತದೆ, ಅದಕ್ಕೆ ಸಹಿ ಹಾಕಬೇಡಿ. ವರ್ಷಕ್ಕೊಮ್ಮೆ ಪಿಂಚಣಿ ಸಂಸ್ಥೆಯಿಂದ ನಿಮ್ಮ ಖಾತೆಯ ವಿವರ ತರಿಸಿ ತಿಂಗಳು ಎಣಿಸಿ. ಕೆಲಸ ಬದಲಾಯಿಸಿದಾಗ ನಡುವೆ ಖಾಲಿ ತಿಂಗಳು ಬಿಡದಂತೆ ನೋಡಿಕೊಳ್ಳಿ.

ಹಂತ 7: ಪಿಆರ್ ಅರ್ಜಿ

ಅವಧಿ ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ಕಾಗದ ಜೋಡಿಸಿ. ಪಿಂಚಣಿ ಖಾತೆಯ ವಿವರ, ಈಚಿನ ಸ್ಯಾಲರಿ ಸ್ಲಿಪ್‌ಗಳು, ಕೆಲಸ ಮುಂದುವರಿಯುತ್ತಿದೆ ಅನ್ನುವ ಪತ್ರ, ಬಾಡಿಗೆ ಕರಾರು, ಆರೋಗ್ಯ ವಿಮೆ, ಭಾಷಾ ಪ್ರಮಾಣಪತ್ರ. ಜೊತೆಗೆ 'ಜರ್ಮನಿಯಲ್ಲಿ ಜೀವನ' ಅನ್ನುವ ಪರೀಕ್ಷೆ. 60 ನಿಮಿಷ, 33 ಪ್ರಶ್ನೆ. ಪಿಆರ್‌ಗೆ 15 ಸರಿ ಉತ್ತರ ಸಾಕು, ಆದರೆ 17 ಬಂದರೆ ಅದೇ ಮುಂದೆ ಪೌರತ್ವಕ್ಕೂ ಆಗುತ್ತದೆ, ಹಾಗಾಗಿ ಚೆನ್ನಾಗಿ ಓದಿ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ: 300 ಸಾಮಾನ್ಯ, 10 ನಿಮ್ಮ ರಾಜ್ಯದ್ದು. ಪರೀಕ್ಷೆ ಶುಲ್ಕ 25 ಯೂರೋ, ಪಿಆರ್ ಶುಲ್ಕ 113 ಯೂರೋ.

ಪಿಆರ್ ಬಂದ ಮೇಲೆ

ಪಿಆರ್ ಸಿಕ್ಕಿತು ಅಂತ ಊರಿಗೆ ಬಂದು ವರ್ಷಗಟ್ಟಲೆ ಉಳಿಯುವಂತಿಲ್ಲ. ಸಾಮಾನ್ಯವಾಗಿ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅದು ರದ್ದಾಗುತ್ತದೆ. ಅಪ್ಪ ಅಮ್ಮನಿಗೆ ಹುಷಾರಿಲ್ಲದೆ ಜಾಸ್ತಿ ದಿನ ಇರಬೇಕಾದರೆ ಹೊರಡುವ ಮೊದಲೇ ವಿದೇಶಿಯರ ಕಚೇರಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಪಿಆರ್‌ನಲ್ಲಿ ನಿಮ್ಮ ಭಾರತದ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ಜರ್ಮನಿಯಲ್ಲಿ ಒಟ್ಟು 5 ವರ್ಷ ಇದ್ದ ನಂತರ ಅಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಬಹುದು. ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಹಾಗಾಗಿ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಿ, ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬೇಕು. ಜಮೀನಿನ ವಿಷಯ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹೊರದೇಶದಲ್ಲಿ ನೆಲೆಸಿದವರು, ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ, ಒಸಿಐ ಇದ್ದರೂ, ಹೊಸದಾಗಿ ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬರುವ ತೆಂಗಿನ ತೋಟ, ರಾಗಿ ಹೊಲ ಇಟ್ಟುಕೊಳ್ಳಬಹುದು. ಅಣ್ಣ ತಮ್ಮಂದಿರ ನಡುವೆ ಭಾಗ ಆಗಿಲ್ಲದಿದ್ದರೆ, ಪಹಣಿಯಲ್ಲಿ ತಾತನ ಹೆಸರೇ ಉಳಿದಿದ್ದರೆ, ಪೌತಿ ಖಾತೆ ಮಾಡಿಸುವ ಕೆಲಸವನ್ನು ವಿಮಾನ ಹತ್ತುವ ಮೊದಲೇ ಮುಗಿಸಿ. ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸಿ ನಾಡಕಚೇರಿಯ ಕೆಲಸ ಮಾಡಿಸುವುದು ಇನ್ನೂ ಜಾಸ್ತಿ ಸಮಯ ತಿನ್ನುತ್ತದೆ.